ಒಂದು ಮಗ್ಗುಲು ಸೀದ ಪಿಜ್ಜಾ

ಪ್ರತಿ ಗುರುವಾರ ಸಂಜೆ ಕಡಲಂಚಿನ ಸೌದೆ ಒಲೆಯಿಂದ ಹೊರಬೀಳುವ ಮೊದಲ ಪಿಜ್ಜಾ ಉನೈಸಿಯ ಪಾಲಿನದು. ಅವಳ ಅಣ್ಣ ಇನೋಕೆ ಅದನ್ನು ರಟ್ಟಿನ ಡಬ್ಬಿಗೆ ಹಾಕಿ ಬಡಿಸುವ ಸಕೆಯಾಸಿಯ ಕೈಗೆ ಕೊಡುತ್ತಿದ್ದ. ಸಕೆಯಾಸಿ ಮರಳು ದಾಟಿ, ಈಜುಕೊಳದ ಪಕ್ಕದಲ್ಲಿ ಹಾದು, ಮೆಟ್ಟಿಲು ಹತ್ತಿ, ಮೇಲಿನ ರೆಸ್ಟೋರೆಂಟಿನ ಅಡುಗೆಕೋಣೆಯಲ್ಲಿ ಅವಳ ಮುಂದಿಟ್ಟು, “ಕೆಳಗಿನಿಂದ” ಎನ್ನುತ್ತಿದ್ದ. ಯಾರು ಕಳಿಸಿದ್ದು ಎಂದು ಅವನು ಹೇಳಬೇಕಿರಲಿಲ್ಲ. ಉನೈಸಿ ಡಬ್ಬಿ ಬರಿದು ಮಾಡಿ, ತಾನು ಕಬ್ಬಿಣದ ತಟ್ಟೆಯಲ್ಲಿ ಬೇಯಿಸಿದ ದಪ್ಪ ಚೌಕದ ಪಿಜ್ಜಾದಿಂದ ಒಂದು ಮೂಲೆಯ ತುಂಡನ್ನು, ಚೀಸು ತಟ್ಟೆಯ ಅಂಚಿಗೆ ಹತ್ತಿ ಗರಿಗರಿಯಾದದ್ದನ್ನು, ಅದೇ ಡಬ್ಬಿಯಲ್ಲಿಟ್ಟು ವಾಪಸು ಕಳಿಸುತ್ತಿದ್ದಳು. ಕೆಳಗೆ ಹೋಗಿ ಸಕೆಯಾಸಿ “ಮೇಲಿನಿಂದ” ಎನ್ನುತ್ತಿದ್ದ.

ಅಣ್ಣ ತಂಗಿ ನೇರವಾಗಿ ಮಾತಾಡಿ ಇಪ್ಪತ್ತೈದು ವರ್ಷ ಮೇಲಾಗಿತ್ತು. ಜಗಳವೇನಿಲ್ಲ. ಹೆಣ್ಣುಮಗು ಮೈನೆರೆದ ಮೇಲೆ ಒಡಹುಟ್ಟಿದ ಗಂಡುಮಕ್ಕಳ ಎದುರು ಬಾಯಿ ಬಿಡುವಂತಿಲ್ಲ, ಒಂದೇ ಚಾಪೆಯಲ್ಲಿ ಕೂರುವಂತಿಲ್ಲ, ಅವರ ಮೈಕೈ ವಿಚಾರ ಎತ್ತುವಂತಂತೂ ಇಲ್ಲವೇ ಇಲ್ಲ. ದ್ವೀಪದ ರಾಜಧಾನಿ ಸುವಾ ಸೇರಿದವರು ಇದನ್ನೆಲ್ಲ ಎಂದೋ ಬಿಟ್ಟಿದ್ದಾರೆ. ಸಿಂಗಾತೋಕ ನದಿಯ ಮೇಲ್ದಂಡೆಯ ಇವರ ವೈಲೋವಾದಂಥ ಹಳ್ಳಿಗಳಲ್ಲಿ ಬಿಟ್ಟಿಲ್ಲ. ಅಣ್ಣ ಮುಂಬಾಗಿಲಿಂದ ಒಳಬಂದರೆ ತಂಗಿ ಪಕ್ಕದ ಬಾಗಿಲಿಂದ ಹೊರಗೆ. ಪ್ರೀತಿ ಹೆಚ್ಚಿದ್ದಷ್ಟೂ ದೂರ ಹೆಚ್ಚು, ಹಾಗಿತ್ತು ಲೆಕ್ಕ.

ಇನೋಕೆಗೆ ತಂಗಿಯ ಮೇಲೆ ಪ್ರೀತಿ ಬಹಳ. ಅಪ್ಪ ಮೊದಲೇ ಹೋಗಿದ್ದ. ಅವ್ವನಿಗೆ ಸಕ್ಕರೆ ಕಾಯಿಲೆ. ತೋಟದಲ್ಲಿ ಒಂದು ಮುಳ್ಳು ಚುಚ್ಚಿತು, ಚುಚ್ಚಿದ್ದು ಅವಳಿಗೆ ಗೊತ್ತಾಗಲಿಲ್ಲ. “ನೋವೇ ಇಲ್ಲ ಕಣ್ರೋ, ಬಿಡಿ” ಎನ್ನುತ್ತ ಓಡಾಡಿಕೊಂಡಿದ್ದಳು. ಬೆರಳು ಕಪ್ಪಾಯಿತು, ಆಮೇಲೆ ಪಾದ. ಬಾಳೆ ಗೊನೆ ಹಾಕುವುದರೊಳಗೆ ಅವಳನ್ನು ಹೂಳಿ ಬಂದದ್ದಾಯಿತು. ಇನೋಕೆ ಶಾಲೆ ಬಿಟ್ಟ. ಮರಗೆಣಸು ನೆಟ್ಟ, ರೆಸಾರ್ಟಿನ ತೋಟದಲ್ಲಿ ಗುಂಡಿ ತೋಡಿದ, ಆಮೇಲೆ ಅಡುಗೆಮನೆಗೆ ಹೊಕ್ಕು ಒಲೆ ಹಿಡಿದ. ಉನೈಸಿಯ ಗಂಡ ಆಸ್ಟ್ರೇಲಿಯಕ್ಕೆ ಹಣ್ಣು ಕೀಳಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದಾಗ, ಹೊಟ್ಟೆಯಲ್ಲಿ ಕೂಸಿದ್ದ ತಂಗಿಗೆ ಒಂದು ದಾರಿ ಮಾಡಿದವನೂ ಅವನೇ. ರಾತ್ರಿ ಹುಳಿ ಬಂದ ಹಿಟ್ಟಿನ ಮುದ್ದೆ ಅವಳ ಮನೆಗೆ ತಂದು ಅಡುಗೆ ಹಲಗೆಯ ಮೇಲಿಟ್ಟು, ಅವಳಿಗೆ ಬೆನ್ನು ಮಾಡಿ ನಿಂತು, ಬೇಕೆಂದೇ ನಿಧಾನವಾಗಿ ನಾದುತ್ತಿದ್ದ. ಅಂಗೈಯ ಬುಡದಿಂದ ಒತ್ತುವುದು, ಮಡಿಚುವುದು, ಕಾಲುಭಾಗ ತಿರುಗಿಸಿ ಮತ್ತೆ ಒತ್ತುವುದು. ಉನೈಸಿ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಅವನು ಹೋದ ಮೇಲೆ ಎದ್ದು ತಾನೂ ನಾದುತ್ತಿದ್ದಳು. ಹೆರಿಗೆಯಾಗಿ ಮಗಳು ಟಿಟಿಲಿಯಾ ಮೊಲೆ ಬಿಡುವಷ್ಟರಲ್ಲಿ ಉನೈಸಿಯ ಕೈ ಕುದುರಿತ್ತು. ಇನೋಕೆ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ಮೇಲಿನ ರೆಸ್ಟೋರೆಂಟಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಣ್ಣ ಕೊಡಿಸಿದ್ದೆಂದು ಅವಳಿಗೆ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ರೆಸಾರ್ಟಿನಲ್ಲಿ ಗುರುವಾರವೆಂದರೆ ಪಿಜ್ಜಾ ಸಂಜೆ. ಅತಿಥಿಗಳು ಮೊದಲು ಈಜುಕೊಳದ ಬಳಿ ಹಪ್ಪಳದಷ್ಟು ತೆಳುವಾದ ಪಿಜ್ಜಾ ತಿನ್ನುತ್ತಾರೆ. ಅಲ್ಲಿಂದ ಮೇಲೆ ಬಂದು ಉನೈಸಿಯ ದಪ್ಪ ಚೌಕ. ಸೂರ್ಯ ಮುಳುಗುವ ಹೊತ್ತಿಗೆ ಕೆಳಗಿಳಿದು, ಮರಳಲ್ಲಿ ಕಾಲು ಚಾಚಿ, ಗಾಳಿಮರದ ಸೌದೆಯಲ್ಲಿ ಬೆಂದ ಇನೋಕೆಯ ದುಂಡು ಪಿಜ್ಜಾ. ಯಾವುದು ಹೆಚ್ಚು ಎಂದು ವಾದ ಮಾಡುತ್ತ, ಬಿಯರ್ ಕುಡಿಯುತ್ತ, ಹೊಟ್ಟೆ ಸವರಿಕೊಳ್ಳುತ್ತ ಕೂತಿರುತ್ತಾರೆ. ನೋಡುವುದಕ್ಕೂ ಚೆಂದ.

ಅಂಥ ಒಂದು ಗುರುವಾರ ಉನೈಸಿ ಡಬ್ಬಿ ತೆರೆದರೆ ಪಿಜ್ಜಾದ ಒಂದು ಮಗ್ಗುಲು ಸೀದುಹೋಗಿತ್ತು. ಎಲ್ಲೋ ಕೈ ತಪ್ಪಿರಬೇಕು ಎಂದುಕೊಂಡಳು. ಮುಂದಿನ ವಾರವೂ ಹಾಗೇ, ಅದೇ ಎಡ ಮಗ್ಗುಲು. ಮೂರನೆಯ ಸಲ ಅವಳು ತಿನ್ನದೆ ನಿಂತು ನೋಡಿದಳು.

ಸೌದೆ ಒಲೆಯಲ್ಲಿ ಬೆಂಕಿ ಒಂದೇ ಕಡೆ ಇರುತ್ತದೆ. ದೋಣಿಯದರಂತೆ ಕಾಣುವ ಉದ್ದ ಹಿಡಿಯ ಹುಟ್ಟಿನಲ್ಲಿ ಪಿಜ್ಜಾವನ್ನು ತಿರುಗಿಸುತ್ತಲೇ ಇರಬೇಕು. ಕೈಯಲ್ಲಿ ತಿರುಗಿಸಿದರೆ ಆಗುವುದಿಲ್ಲ, ಮೈಯೇ ತಿರುಗಬೇಕು. ಭಾರವೆಲ್ಲ ಎಡಗಾಲಿಗೆ ಬಿದ್ದು ಮತ್ತೆ ಬಲಗಾಲಿಗೆ ಬರಬೇಕು. ಇಷ್ಟು ವರ್ಷ ಒಂದು ಅಂಚೂ ಕರಕಲಾಗದಂತೆ ಬೇಯಿಸಿದ ಮನುಷ್ಯ ಈಗ ತಿರುಗುತ್ತಿಲ್ಲ ಎಂದರೆ ಎಡಗಾಲು ಊರುತ್ತಿಲ್ಲ ಎಂದರ್ಥ.

“ಅಣ್ಣ ಕುಂಟ್ತಾನಾ?” ಎಂದು ಸಕೆಯಾಸಿಯನ್ನು ಕೇಳಿದಳು.

“ಸ್ವಲ್ಪ” ಎಂದ ಅವನು. “ಅತಿಥಿಗಳು ಮಾತ್ರ ಖುಷಿಯಾಗಿದಾರೆ ಅಕ್ಕ. ಆ ಸೀದಿದ್ದೇ ರುಚಿ ಅಂತೆ. ಒಬ್ಬಳು ಮುದುಕಿ ಇವತ್ತು ಎರಡು ಸಲ ತರಿಸ್ಕೊಂಡ್ಲು.”

“ಕಾಲು ತೋರಿಸ್ಕೊಳ್ಳೋಕೆ ಹೇಳು. ಮೇಲಿನಿಂದ ಅಂದ್ರು ಅನ್ನು.”

ಸಕೆಯಾಸಿ ಹೋಗಿ ಬಂದ. “ಒಲೆ ಮುಂದೆ ನಿಂತವನ ಕಾಲ ಮೇಲೆ ಕೆಂಡ ಬೀಳದೆ ಹೂವು ಬೀಳತ್ತಾ ಅಂದ.” ಅಂದು ಮೂಲೆಯ ತುಂಡಿನ ಜೊತೆ ಇನ್ನೇನು ಕಳಿಸಬಹುದು ಎಂದು ಅವಳಿಗೆ ಹೊಳೆಯಲಿಲ್ಲ.

ಉನೈಸಿಯ ಮನೆಗೂ ಇನೋಕೆಯ ಮನೆಗೂ ನಡುವೆ ಇದ್ದದ್ದು ಒಂದು ಬಟ್ಟೆ ಒಣಹಾಕುವ ಹಗ್ಗ. ಇನೋಕೆಯ ಹೆಂಡತಿ ಮೆರೆವಾಯಿ ಬೆಳಗ್ಗೆ ನಲ್ಲಿ ಕಟ್ಟೆಯಲ್ಲಿ ಒಗೆದು ಅದರ ಮೇಲೆ ಹರವುತ್ತಾಳೆ. ಮಗಳ ಒದ್ದೆ ಚಡ್ಡಿ ಹಾಕಲು ಹೋದ ಉನೈಸಿಗೆ ಅಣ್ಣನ ಕಾಲುಚೀಲ ಕಣ್ಣಿಗೆ ಬಿತ್ತು. ಬಲಗಾಲಿನದು ಮೆತ್ತಗೆ ತೂಗುತ್ತಿತ್ತು. ಎಡಗಾಲಿನದು ಒಗೆದರೂ ಬಿಡದ ಹಳದಿ ಕಲೆ ಹೊತ್ತು ಒಣಮೀನಿನಂತೆ ಸೆಟೆದುಕೊಂಡಿತ್ತು. ಅಣ್ಣನ ಬಟ್ಟೆ ಮುಟ್ಟುವಂತಿಲ್ಲ. ಅವಳು ಮೂಗು ಹತ್ತಿರ ತಂದಳು. ಅವ್ವ ಕೊನೆಗೆ ಮಲಗಿದ್ದ ಚಾಪೆಯ ವಾಸನೆ ಬಂತು.

ನಲ್ಲಿ ಕಟ್ಟೆಯಲ್ಲಿ ನಾಲ್ಕಾರು ಹೆಂಗಸರಿದ್ದರು.

“ಅತ್ತಿಗೆ, ಅಣ್ಣನ ಕಾಲು ನೋಡಿದ್ಯಾ?”

“ನೋಡದೆ ಏನು?” ಮೆರೆವಾಯಿ ಸೋಪಿನ ನೊರೆಯಿಂದ ತಲೆಯೆತ್ತಲಿಲ್ಲ. “ದಿನಾ ನನ್ನ ಮೇಲೇ ಹಾಕ್ಕೊಂಡು ಮಲಗ್ತಾನೆ. ಮನೆ ತೊಲೆ ಇದ್ದಂಗಿದೆ.”

ಹೆಂಗಸರು ಗೊಳ್ಳೆಂದರು.

“ತಮಾಷೆ ಅಲ್ಲ ಅತ್ತಿಗೆ. ಕಾಲುಚೀಲ ನೋಡು, ಕೀವು ಹತ್ತಿದೆ.”

“ಓಹೋ, ನಾನು ಒಗೆದ ಬಟ್ಟೆ ಪರೀಕ್ಷೆ ಮಾಡೋಕೆ ಬಂದ್ಲಪ್ಪ ಮೇಡಮ್ಮು! ನಿನ್ನ ಗಂಡ ಆಸ್ಟ್ರೇಲಿಯಾದಲ್ಲಿ ಯಾರ ಕೈಲಿ ಒಗೆಸ್ಕೋತಿದಾನೋ, ಅದನ್ನ ಹೋಗಿ ನೋಡೇ ಮೊದ್ಲು.”

ಬೇರೆ ಯಾರಾದರೂ ಅಂದಿದ್ದರೆ ಅದು ಚಾಕು ಹಾಕಿದಂಥ ಮಾತು. ಅತ್ತಿಗೆ ನಾದಿನಿಯರ ನಡುವೆ ಅದು ಬೆಳಗಿನ ನಮಸ್ಕಾರ. ಆ ಸಂಬಂಧ ಇರುವುದೇ ಹಾಗೆ. ಏನಂದರೂ ಸಿಟ್ಟಾಗುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ, ಅದಕ್ಕಿಂತ ಖಾರವಾಗಿ ತಿರುಗಿಸಿ ಕೊಡಬೇಕು. ವರ್ಷಗಟ್ಟಲೆ ಪಳಗಿದ ನಾಲಿಗೆ ಉನೈಸಿಯನ್ನು ಕೇಳದೆಯೇ ಆಡಿಬಿಟ್ಟಿತು: “ಅವಳಾದ್ರೂ ಸೋಪು ಹಾಕಿ ಒಗೀತಾಳೆ ಕಣೇ. ನಿನ್ನ ಹಾಗೆ ಬಟ್ಟೆಗೆ ನೀರು ತೋರ್ಸಿ ಹಗ್ಗಕ್ಕೆ ಏರಿಸಲ್ಲ.”

ನಗು ಇನ್ನೂ ದೊಡ್ಡದಾಯಿತು. ಯಾರೋ ಅವಳ ಮೇಲೆ ನೀರು ಎರಚಿದರು. ಒದ್ದೆಯಾಗಿ ಮನೆಗೆ ಬಂದ ಮೇಲೆ ಉನೈಸಿಗೆ ತಾನು ಹೇಳಹೋದ ಮಾತು ತನ್ನ ಬಾಯಿಂದಲೇ ಮುಳುಗಿತೆಂದು ತಿಳಿಯಿತು.

ಸಂಜೆ ಮತ್ತೆ ಹೋದಳು. ಇನೋಕೆ ಕೆಲಸದಿಂದ ಬಂದಿರಲಿಲ್ಲ. ಮೆರೆವಾಯಿ ತೆಂಗಿನಕಾಯಿ ತುರಿಯುತ್ತ ಕೂತಿದ್ದಳು.

“ಅತ್ತಿಗೆ, ನಿಜ ಹೇಳ್ತಿದೀನಿ.”

“ಹೋದ ವರ್ಷ ಅವನ ಮೀಸೆ ಸುಟ್ಟುಹೋಯ್ತು ಅಂದಾಗ್ಲೂ ನಿಜ ಅಂತಾನೇ ಹೇಳಿದ್ದೆ.”

ಅದು ಹೌದು. ‘ಒಲೆ ಬೆಂಕಿ ಹಾರಿ ಮೀಸೆ ಮುಖ ಎಲ್ಲ ಸುಟ್ಟಿದೆ ಬಾರೇ’ ಎಂದು ಉನೈಸಿ ಕೂಗಿದ್ದಳು. ಮೆರೆವಾಯಿ ಸೌಟು ಹಿಡಿದುಕೊಂಡೇ ಡಾಂಬರು ರಸ್ತೆಯವರೆಗೆ ಓಡಿದ್ದಳು. ಬಸ್ಸಿನಿಂದ ಇಳಿದ ಇನೋಕೆಯ ಮುಖದ ಮೇಲೆ ಮೀಸೆ ಇದ್ದಹಾಗೇ ಇತ್ತು. ಊರು ಇವತ್ತಿಗೂ ಆ ಸೌಟಿನ ಕಥೆ ಹೇಳಿ ನಗುತ್ತದೆ.

“ಒಂದು ಕೆಂಡ ಬಿದ್ದಿತ್ತು ಅಷ್ಟೇ,” ಮೆರೆವಾಯಿ ಈಗ ಸ್ವಲ್ಪ ಮೆತ್ತಗೆ ಹೇಳಿದಳು. “ಎಲೆ ಅರೆದು ಕಟ್ಟಿದೀನಿ. ನೋವೇ ಇಲ್ಲ ಅಂತಾನೆ.”

“ನೋವಿಲ್ಲ ಅಂದ್ರೇ ಹೆದರಿಕೆ. ಅವ್ವನಿಗೂ ನೋವಿರಲಿಲ್ಲ.”

ತುರಿಯುವ ಕೈ ನಿಂತಿತು. ಮೆರೆವಾಯಿ ಈ ಮನೆಗೆ ಬಂದದ್ದು ಅವ್ವ ಹೋದ ಮೇಲೆ. ಅವಳ ಮುಖದಲ್ಲಿ ಏನೋ ಬಂದು ಹೋಯಿತು. ಮರುಕ್ಷಣ ಅವಳು ಮತ್ತೆ ತುರಿಯತೊಡಗಿದಳು. “ನಿನ್ನಂಥ ಮಗಳಿದ್ಲಲ್ಲ ನಿಮ್ಮವ್ವನಿಗೆ. ಕಾಲಿಗಿಂತ ಮೊದ್ಲು ತಲೆನೋವೇ ಬಂದಿರತ್ತೆ ಬಿಡು.”

ಉನೈಸಿ ಈ ಸಲ ತಿರುಗಿಸಿ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದು ಮೆರೆವಾಯಿಗೆ ಹಿಡಿಸಲಿಲ್ಲ. “ಏನೇ, ನಾಲಿಗೆ ಬೆಕ್ಕು ತಿಂತಾ?” ಎಂದು ಬಾಗಿಲವರೆಗೆ ಕೂಗಿ ಕಳಿಸಿದಳು.

ಮಾತಾಡಬಹುದಾದವಳ ಹತ್ತಿರ ತಮಾಷೆ ಬಿಟ್ಟು ಮಾತಿಲ್ಲ. ಮಾತಾಡಲೇಬೇಕಾದವನ ಹತ್ತಿರ ಮಾತೇ ಇಲ್ಲ. ಕುಲದ ಹಿರಿಯನ ಬಳಿ ಹೋದರೆ, ಅವನು ಕಾವಾ ಬೇರಿನ ರಸದ ಚಿಪ್ಪು ಕೆಳಗಿಟ್ಟು, “ಗಂಡಸು ತನ್ನ ಕಾಲು ತಾನು ನೋಡ್ಕೋತಾನೆ, ನೀನು ನಿನ್ನ ಮಗೂನ ನೋಡ್ಕೋ ತಾಯಿ” ಎಂದ. ಗದರಿಸಿ ಹೇಳಿದ್ದಲ್ಲ, ಒಳ್ಳೆಯ ಮಾತಲ್ಲೇ ಹೇಳಿದ.

ಉಳಿದವಳು ಟಿಟಿಲಿಯಾ ಒಬ್ಬಳೇ. ಸೋದರಮಾವನ ಮೇಲೆ ತಂಗಿಯ ಮಕ್ಕಳಿಗೆ ಇಲ್ಲದ ಹಕ್ಕಿಲ್ಲ. ಅವನ ತಟ್ಟೆಗೆ ಕೈ ಹಾಕಬಹುದು, ಹೆಗಲೇರಬಹುದು, ಮೀಸೆ ಎಳೆಯಬಹುದು. ಭಾನುವಾರ ಇಗರ್ಜಿ ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕೂತರು. ಇನೋಕೆ ಚಾಪೆಯ ಮೇಲ್ತುದಿಯಲ್ಲಿ. ಉನೈಸಿ ಗೋಡೆಯಾಚೆ ಅಡುಗೆ ಕಡೆ. ನಾಲ್ಕು ವರ್ಷದ ಮಗಳ ಬಾಯಿಗೆ ಅವಳು ಬೆಳಗ್ಗೆಯೇ ಮಾತು ತುಂಬಿದ್ದಳು.

“ಮಾವಾ, ನಿನ್ನ ಕಾಲು ನಾರತ್ತೆ. ಆಸ್ಪತ್ರೆಗೆ ಹೋಗು.”

ಮನೆ ತುಂಬ ನಗು. ಇನೋಕೆಯ ನಗು ಎಲ್ಲಕ್ಕಿಂತ ದೊಡ್ಡದು. “ಅದು ಹುಳಿ ಹಿಟ್ಟಿನ ವಾಸ್ನೆ ಪುಟ್ಟಿ. ಮಾವ ಇಡೀ ದಿನ ಹಿಟ್ಟಿನಲ್ಲೇ ಇರ್ತಾನಲ್ಲ.”

“ಅಲ್ಲ. ಸತ್ತ ಇಲಿ ವಾಸ್ನೆ.”

“ಸರಿ, ನೀನು ಜೊತೆಗೆ ಬಂದ್ರೆ ಹೋಗ್ತೀನಿ. ದಾರೀಲಿ ಐಸ್‌ಕ್ರೀಮ್ ಕೊಡಿಸ್ತೀನಿ.”

“ಎರಡು!”

“ಎರಡು.”

ಟಿಟಿಲಿಯಾ ಕುಣಿಯುತ್ತ ಒಳಗೆ ಬಂದು, “ಅಮ್ಮಾ, ಎರಡು ಐಸ್‌ಕ್ರೀಮ್!” ಎಂದಳು. ಉನೈಸಿ ಅವಳ ಬಾಯಿ ಒರೆಸಿದಳು. ಗೋಡೆಯಾಚೆ ಅಣ್ಣ ಏಳುವ ಸದ್ದಾಯಿತು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆದದ್ದು.

ಮಳೆಗಾಲ ಶುರುವಾಗಿ ಅತಿಥಿಗಳು ಕಡಿಮೆಯಾದರು. ರೆಸಾರ್ಟಿಗೆ ಹೊಸದಾಗಿ ಬಂದಿದ್ದ ಮ್ಯಾನೇಜರು ಫಿಲಿಪ್ಪಾ ಸಿಡ್ನಿಯವಳು, ಮನಸ್ಸು ಒಳ್ಳೆಯದು. ಇಷ್ಟು ವರ್ಷ ಬೇಯಿಸಿ ಬಡಿಸಿದವರು ಒಂದು ಸಂಜೆಯಾದರೂ ಅತಿಥಿಗಳಂತೆ ಕೂತು ಮೂರೂ ಕಡೆಯ ಪಿಜ್ಜಾ ತಿನ್ನಬೇಕು, ಮನೆಯವರನ್ನೂ ಕರೆತರಬೇಕು ಎಂದು ಅಪ್ಪಣೆ ಹೊರಡಿಸಿದಳು. ಸಂತೋಷವೇ. ಆದರೆ ಆ ಗುರುವಾರ ಮೇಜಿನ ಬಳಿ ಹೋದರೆ ಹೆಸರಿನ ಚೀಟಿಗಳು ಹೀಗಿದ್ದವು: ಇನೋಕೆ, ಮೆರೆವಾಯಿ, ಉನೈಸಿ, ಟಿಟಿಲಿಯಾ. ನಾಲ್ವರಿಗೂ ಒಂದೇ ಮೇಜು.

“ಅಣ್ಣ ತಂಗಿ ಇಬ್ಬರೂ ನಮ್ಮಲ್ಲೇ ಇರೋದು ನಂಗೆ ನೆನ್ನೆ ಗೊತ್ತಾಯ್ತು!” ಎಂದಳು ಫಿಲಿಪ್ಪಾ, ಕೈ ಕೈ ಉಜ್ಜಿಕೊಂಡು. “ಯಾರೂ ಹೇಳೇ ಇರಲಿಲ್ಲ.”

ಕೆಲಸದವರೆಲ್ಲ ನೆಲ ನೋಡಿದರು. ಊಟಕ್ಕೆ ಕರೆದವಳ ತಪ್ಪು ತೋರಿಸುವಷ್ಟು ಹೀನರು ಅಲ್ಲಿ ಯಾರೂ ಇರಲಿಲ್ಲ. ಇನೋಕೆ ಕುರ್ಚಿಯನ್ನು ಕಡಲಿನ ಕಡೆಗೆ ತಿರುಗಿಸಿಕೊಂಡು ಕೂತ. ಉನೈಸಿ ಬೆಟ್ಟದ ಕಡೆಗೆ. ನಡುವೆ ಮೆರೆವಾಯಿ ತನ್ನ ದೊಡ್ಡ ಮೈಯನ್ನು ಗೋಡೆಯಂತೆ ಹರಡಿದಳು. “ಈ ಬೆಲೆಗೆ ಇಂಥ ಪರದೆ ಎಲ್ಲೂ ಸಿಗಲ್ಲ” ಎಂದು ತನ್ನ ಹೊಟ್ಟೆ ತಟ್ಟಿಕೊಂಡಳು.

ಈಜುಕೊಳದ ಪಿಜ್ಜಾ ಬಂತು. ಕತ್ತರಿಯಲ್ಲಿ ಪಟ್ಟಿ ಪಟ್ಟಿಯಾಗಿ ಕತ್ತರಿಸಿದ್ದು. ಕೆಲವುಗಳ ಮೇಲೆ ತೆಳ್ಳನೆ ಆಲೂಗಡ್ಡೆ ಬಿಲ್ಲೆ, ಉಪ್ಪಿನ ಹರಳು. ಕೆಲವುಗಳ ಮೇಲೆ ಅನಾನಸು. ಕಡಿದರೆ ಒಣ ಎಲೆ ತುಳಿದಂಥ ಸದ್ದು. ಟಿಟಿಲಿಯಾ ಅನಾನಸನ್ನೆಲ್ಲ ಹೆಕ್ಕಿ ತಿಂದು ಉಳಿದದ್ದನ್ನು ಮಾವನ ತಟ್ಟೆಗೆ ಹಾಕಿದಳು. ಮಾವ ಅದನ್ನೂ ತಿಂದ. ಆಮೇಲೆ ಮೆಟ್ಟಿಲು ಹತ್ತಿದರು, ಇನೋಕೆ ಎಲ್ಲರಿಗಿಂತ ಹಿಂದೆ, ಕಂಬಿ ಹಿಡಿದು.

ಮೇಲೆ ಉನೈಸಿ ಮಧ್ಯಾಹ್ನವೇ ಹಿಟ್ಟು ತಟ್ಟಿಟ್ಟು ಹೋಗಿದ್ದ ಚೌಕದ ಪಿಜ್ಜಾ. ಇಷ್ಟು ವರ್ಷ ಇನೋಕೆಗೆ ಸಿಕ್ಕಿದ್ದು ಡಬ್ಬಿಯಲ್ಲಿ ಆರಿದ ಮೂಲೆ ಮಾತ್ರ. ಇಂದು ತಟ್ಟೆಯೇ ಸುರ್ ಎನ್ನುತ್ತ ಎದುರಿಗೆ ಬಂತು. ಕೆಳಗೆ ಎಣ್ಣೆಯಲ್ಲಿ ಕರಿದಂತೆ ಗರಿ, ಒಳಗೆ ಹತ್ತಿಯಂಥ ಹಿಟ್ಟು, ಮೇಲೆ ಟೊಮೆಟೊ ರಸದ ಎರಡು ಗೆರೆ. ಅವನು ಒಂದು ತುತ್ತು ತಿಂದು ಕಣ್ಣು ಮುಚ್ಚಿದ. ತುಂಬ ಹೊತ್ತು ಅಗಿದ.

“ಮಾಡಿದವರಿಗೆ ಹೇಳು,” ಎಂದ ಹೆಂಡತಿಗೆ, ಕಡಲು ನೋಡುತ್ತ. “ಬಿಸಿಯದ್ದು ಬೇರೇನೇ ರುಚಿ.”

“ಮಾಡಿದವಳು ಇಲ್ಲೇ ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿದಾಳೆ. ನಾನೇನು ಪೋಸ್ಟ್‌ಮ್ಯಾನಾ?” ಮೆರೆವಾಯಿ ಉನೈಸಿಯ ಪಕ್ಕೆಗೆ ತಿವಿದಳು. “ಕೇಳಿಸ್ತೇನೇ? ನನ್ನ ಅಡುಗೆಗೆ ಒಂದು ದಿನ ಕಣ್ಣು ಮುಚ್ಚಿದ್ದಿಲ್ಲ ಈ ಪುಣ್ಯಾತ್ಮ. ನಿದ್ದೆ ಬಂದಾಗ ಬಿಟ್ಟು.”

ಉನೈಸಿ ನಕ್ಕಳು. ಆ ಒಂದು ಗಳಿಗೆ ಅವಳಿಗೆ ಕಾಲಿನ ನೆನಪೂ ಇರಲಿಲ್ಲ.

ಕೆಳಗಿಳಿಯುವಾಗ ನೆನಪಾಯಿತು. ಬಿಳಿ ಕಲ್ಲಿನ ಮೆಟ್ಟಿಲ ಮೇಲೆ, ಒಂದು ಬಿಟ್ಟು ಒಂದರ ಮೇಲೆ, ಎಡಗಾಲ ಬೂಟಿನ ಒದ್ದೆ ಗುರುತು. ಟಿಟಿಲಿಯಾ ಅದರ ಮೇಲೆ ಜಿಗಿಯುತ್ತ, “ಮಾವ ಉಚ್ಚೆ ಹೊಯ್ಕೊಂಡಿದಾನೆ” ಎಂದಳು. ಮೆರೆವಾಯಿ ನಗಲು ಬಾಯಿ ತೆರೆದವಳು ನಗಲಿಲ್ಲ. ಉನೈಸಿ ಕರವಸ್ತ್ರದಿಂದ ಒಂದು ಗುರುತು ಒರೆಸಿ ಮೂಸಿ, ಅತ್ತಿಗೆಯ ಮೂಗಿಗೆ ಹಿಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ಇವತ್ತೊಂದು ದಿನ ಊಟ ಮುಗೀಲಿ,” ಎಂದಳು ಮೆರೆವಾಯಿ ಮೆಲ್ಲಗೆ. “ನಾಳೆ ಬೆಳಗ್ಗೆ ನಾನೇ ಎಳ್ಕೊಂಡು ಹೋಗ್ತೀನಿ.”

ಕಡಲಂಚಿನಲ್ಲಿ ಹಗಲು ಮುಗಿಯುತ್ತಿತ್ತು. ಇನ್ಯಾರೋ ಒಲೆ ನೋಡಿಕೊಳ್ಳುತ್ತಿದ್ದರು. ಇನೋಕೆ ಕೂರುವ ಮೊದಲೇ ಫಿಲಿಪ್ಪಾ ಚಪ್ಪಾಳೆ ತಟ್ಟಿದಳು. “ಒಂದೇ ಒಂದು ಪಿಜ್ಜಾ, ನಮ್ಮ ಉಸ್ತಾದರ ಕೈಯಿಂದ!” ಅತಿಥಿಗಳೂ ತಟ್ಟಿದರು. ಕರೆದ ಮೇಲೆ ಒಲ್ಲೆ ಎನ್ನುವುದು ಅವನ ಜಾಯಮಾನದಲ್ಲೇ ಇಲ್ಲ. ಎದ್ದು ಹೋಗಿ ಹುಟ್ಟು ಹಿಡಿದ. ಹಿಟ್ಟು ತಟ್ಟಿದ, ಟೊಮೆಟೊ ಸವರಿದ, ಚೀಸು ಹರಿದು ಹಾಕಿದ. ಒಳಗೆ ತಳ್ಳಿದಾಗ ಬೆಂಕಿ ಅವನ ಮುಖವನ್ನೆಲ್ಲ ಬೆಳಗಿತು. ಫೋನುಗಳು ಮೇಲೆದ್ದವು.

ಅವನು ತಿರುಗುತ್ತಿರಲಿಲ್ಲ, ಉನೈಸಿಗೆ ಕಾಣುತ್ತಿತ್ತು. ಬಲಗಾಲ ಮೇಲೆ ನಿಂತು ಬರೀ ತೋಳಿನಿಂದ ತಿರುಗಿಸುತ್ತಿದ್ದ. ಎಡಗಾಲು ಮರೆತಿಟ್ಟ ಚೀಲದಂತೆ ಪಕ್ಕದಲ್ಲಿತ್ತು. ಹುಟ್ಟಿನ ತುದಿ ತಗುಲಿ ಒಲೆಯ ಬಾಯಿಂದ ಒಂದು ಕೆಂಡ ಉರುಳಿ ಬಿತ್ತು. ಅವನು ಮೈ ಸರಿಸುವಾಗ ಎಡ ಬೂಟು ಸೀದಾ ಅದರ ಮೇಲೆ ಹೋಗಿ ಕೂತಿತು.

ಬೂಟಿನಿಂದ ಹೊಗೆ ಎದ್ದಿತು. ರಬ್ಬರು ಸುಡುವ ವಾಸನೆ ಬಂತು. ಅತಿಥಿಗಳು ಅದು ಒಲೆಯದೆಂದುಕೊಂಡರು. ಇನೋಕೆ ಮುಗುಳ್ನಗುತ್ತ ಪಿಜ್ಜಾ ನೋಡುತ್ತಿದ್ದ.

“ಅಣ್ಣಾ!”

ಯಾರ ದನಿ ಎಂದು ಉನೈಸಿಗೇ ಗೊತ್ತಾಗಲಿಲ್ಲ. ಅವಳು ಎದ್ದು ನಿಂತಿದ್ದಳು. ಕುರ್ಚಿ ಹಿಂದಕ್ಕೆ ಬಿದ್ದಿತ್ತು.

“ಅಣ್ಣಾ, ಕಾಲು ತೆಗಿ. ಕೆಂಡದ ಮೇಲೆ ನಿಂತಿದ್ದೀಯ. ನಿಂಗೆ ಗೊತ್ತಾಗ್ತಿಲ್ಲ. ಬೂಟು ಬಿಚ್ಚು.”

ಬಡಿಸುವವರು ನಿಂತಲ್ಲೇ ನಿಂತರು. ಸಕೆಯಾಸಿ ಮುಖ ತಿರುಗಿಸಿಕೊಂಡ. ತಂಗಿಯೊಬ್ಬಳು ಊರ ಜನರ ಮುಂದೆ, ಪರದೇಶದವರ ಮುಂದೆ, ಅಣ್ಣನ ಮುಖಕ್ಕೆ ಮುಖ ಕೊಟ್ಟು, ಅವನ ಕಾಲಿನ ಹೆಸರೆತ್ತಿದ್ದಳು. ಇನೋಕೆ ಕೆಳಗೆ ನೋಡಿದ. ಹೊಗೆ ನೋಡಿದ. ಕಾಲು ಪಕ್ಕಕ್ಕೆಳೆದು, ಆ ಕೆಂಡವನ್ನು ಹೊಸದಾಗಿ ಕಂಡವನಂತೆ ನೋಡಿದ. ಆಮೇಲೆ ಪಿಜ್ಜಾ ಹೊರತೆಗೆದು ತಟ್ಟೆಗೆ ಜಾರಿಸಿ, ತಾನೇ ತಂದು, ತಂಗಿಯ ಮುಂದೆ ಮೇಜಿನ ಮೇಲಿಟ್ಟ. ಅವಳ ಮುಖ ನೋಡಲಿಲ್ಲ.

“ಆರಿಹೋಗ್ತದೆ,” ಎಂದ. “ತಿನ್ನು.”

ಇಪ್ಪತ್ತೈದು ವರ್ಷದಲ್ಲಿ ಅವನು ಅವಳಿಗೆ ನೇರವಾಗಿ ಆಡಿದ ಮಾತು ಅಷ್ಟೇ. ಆಮೇಲೆ ಮರಳಿನ ಮೇಲೆ ಕೂತು ಬೂಟು ಬಿಚ್ಚಿದ. ಕಾಲುಚೀಲ ಬಿಡಿಸಲು ಮೆರೆವಾಯಿ ನೀರು ಹಾಕಬೇಕಾಯಿತು. ಹೆಬ್ಬೆರಳು ಮತ್ತು ಅದರ ಪಕ್ಕದ್ದು ಕಪ್ಪಾಗಿದ್ದವು. ಪಾದದಡಿ ಒಂದು ಗುಳಿ. ಫಿಲಿಪ್ಪಾ ಬಾಯಿಗೆ ಕೈ ಹಿಡಿದುಕೊಂಡು ಗಾಡಿ ತರಿಸಲು ಓಡಿದಳು. ಗಾಡಿ ಬರುವವರೆಗೆ ಉನೈಸಿ ಪಿಜ್ಜಾ ತಿಂದಳು. ಅಣ್ಣ ತಿನ್ನು ಅಂದಿದ್ದ. ಸೀದ ಮಗ್ಗುಲನ್ನೂ ಬಿಡಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಮೊದಲು ಪಾದ ತೆಗೆದರು. ವಿಷ ಏರಿದೆ ಎಂದು ಆಮೇಲೆ ಮಂಡಿಯ ಮೇಲಕ್ಕೆ. ಇನ್ನೊಂದು ವಾರ ತಡವಾಗಿದ್ದರೆ ಆಳೇ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಒಂದು ತಿಂಗಳು ಮೊದಲು ಬಂದಿದ್ದರೆ ಬೆರಳಲ್ಲೇ ಮುಗಿಯುತ್ತಿತ್ತು ಎಂದೂ ಹೇಳಿದರು. ಊರಿಗೆ ಈ ಎರಡೂ ಮಾತು ತಲುಪಲಿಲ್ಲ. ಊರಿಗೆ ತಲುಪಿದ್ದು ಇಷ್ಟೇ: ತಂಗಿ ಬಾಯಿ ಬಿಟ್ಟ ದಿನವೇ ಅಣ್ಣನ ಕಾಲು ಹೋಯಿತು.

ಉನೈಸಿ ಹಿರಿಯನನ್ನು ಮುಂದಿಟ್ಟುಕೊಂಡು, ಕಾವಾ ಬೇರಿನ ಕಟ್ಟು ಹೊತ್ತು, ಅಣ್ಣನ ಮನೆಗೆ ತಪ್ಪೊಪ್ಪಿಕೊಳ್ಳಲು ಹೋದಳು. ಹಿರಿಯ ಒಳಗೆ ಮಾತಾಡಿದ, ಅವಳು ಹೊಸ್ತಿಲಾಚೆ ತಲೆ ಬಗ್ಗಿಸಿ ಕೂತಿದ್ದಳು. ಒಳಗಿನಿಂದ ಅಂಗೈ ಬಟ್ಟಲು ಮಾಡಿ ತಟ್ಟಿದ ಚಪ್ಪಾಳೆ ಕೇಳಿಸಿತು. ಸ್ವೀಕರಿಸಿದ್ದಾಯಿತು. ರೂಢಿಯ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಮುಗಿಯದೆ ಉಳಿದದ್ದು ನಲ್ಲಿ ಕಟ್ಟೆಯಲ್ಲಿ. “ಬನ್ನಿ ಉನೈಸಿ, ನೀವು ಮೊದಲು ಹಿಡ್ಕೊಳ್ಳಿ” ಎಂದು ಮೆರೆವಾಯಿ ಬಕೆಟ್ಟು ಸರಿಸಿದಳು. ನೀವು! ಉನೈಸಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. “ಅತ್ತಿಗೆ, ಬೈಯೇ” ಎಂದಳು ಮೆಲ್ಲಗೆ. “ಬೈಯೋದೇನಿದೆ ನಿಮ್ಮನ್ನ” ಎಂದು ಮೆರೆವಾಯಿ ಬಟ್ಟೆ ಹಿಂಡುತ್ತ ಉಳಿದಳು. ಅವಳಿಗೆ ಸಿಟ್ಟು ನಾದಿನಿಯ ಮೇಲಿತ್ತೋ, ತಾನು ನಕ್ಕ ನಗುವಿನ ಮೇಲಿತ್ತೋ, ಹೇಳುವುದು ಕಷ್ಟ. ಸುತ್ತಲಿನ ಹೆಂಗಸರು ತಮ್ಮ ತಮ್ಮ ಬಟ್ಟೆ ನೋಡಿಕೊಂಡರು.

ಕಡಲಂಚಿನ ಒಲೆ ಉನೈಸಿಗೆ ಬಂತು. ಅವಳು ಬೇಡವೆನ್ನಲಿಲ್ಲ. ಎರಡು ಮನೆಯ ಅನ್ನ ಈಗ ಅವಳ ಕೈಯಲ್ಲೇ ಇತ್ತು. ಗುರುವಾರದ ಮೊದಲ ಪಿಜ್ಜಾವನ್ನು ಡಬ್ಬಿಗೆ ಹಾಕಿ, ಸಂಜೆ ಊರಿಗೆ ಹೋಗುವ ಸಕೆಯಾಸಿಯ ಕೈಯಲ್ಲಿ ಕಳಿಸಿದಳು. ಮೊದಲ ವಾರ ಡಬ್ಬಿ ತೆರೆಯದೆ ವಾಪಸು ಬಂತು. ಎರಡನೆಯ ವಾರವೂ. ಅವಳು ಕಳಿಸುವುದನ್ನು ಬಿಡಲಿಲ್ಲ. ಅಣ್ಣ ವೆರಾಂಡದಲ್ಲಿ ನದಿಯ ಕಡೆಗೆ ಮುಖ ಮಾಡಿ ಕೂತಿರುತ್ತಾನೆ, ಟಿಟಿಲಿಯಾ ಹೋದರೆ ಮಾತಾಡುತ್ತಾನೆ, ಉಳಿದಂತೆ ಇಲ್ಲ ಎಂದು ಸಕೆಯಾಸಿ ಹೇಳುತ್ತಿದ್ದ. ಮಳೆ ಜೋರಾಯಿತು. ಒಂದು ವಾರ ಡಬ್ಬಿ ಬರಿದಾಗಿ ಬಂತು. ಉನೈಸಿ ಅದನ್ನು ಎದೆಗೆ ಹಿಡಿದುಕೊಂಡು ಉಗ್ರಾಣದ ಹಿಂದೆ ಹೋಗಿ ನಿಂತು ಬಂದಳು.

ಆಮೇಲೊಂದು ವಾರ ಬಂದ ಡಬ್ಬಿ ಬರಿದಾಗಿರಲಿಲ್ಲ. ಒಳಗೊಂದು ಅಂಚಿನ ತುಂಡು ಇತ್ತು, ಕರಕಲಾದದ್ದು. ಹಲ್ಲು ತಾಗಿರಲಿಲ್ಲ, ಚಾಕುವಿನಿಂದ ನೀಟಾಗಿ ಕತ್ತರಿಸಿ ಇಟ್ಟಿತ್ತು.

“ಸೀದಿದೆ ಅಂತ ಬೇಜಾರಾಗಿರಬೇಕು” ಎಂದ ಸಕೆಯಾಸಿ.

ಉನೈಸಿಯೂ ಹಾಗೇ ಅಂದುಕೊಂಡಳು. ಮುಂದಿನ ವಾರ ಎಚ್ಚರಿಕೆಯಿಂದ ಬೇಯಿಸಿದಳು. ಮತ್ತೆ ಅಂಥದೇ ಕರಕಲು ತುಂಡು ಬಂತು. ಬಲ ಮಗ್ಗುಲಿನದು.

ಮರುದಿನ ಬೆಳಗ್ಗೆ ನಲ್ಲಿ ಕಟ್ಟೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೆರೆವಾಯಿ ಬಕೆಟ್ಟಿಲ್ಲದೆ ಬಂದು ಎದುರು ನಿಂತಳು.

“ನಿಮ್ಮಣ್ಣ ಹೇಳಿ ಕಳಿಸಿದಾರೆ,” ಎಂದಳು. “ನಿನ್ನ ಕಾಲು ನೋಡು ಅಂತ.”

“ನನ್ನ ಕಾಲಿಗೇನಾಗಿದೆ? ಚೆನ್ನಾಗೇ ಇದೆ.”

“ಕೂರೇ ಇಲ್ಲಿ.”

‘ನೀವು’ ಹೋಗಿ ‘ಏ’ ವಾಪಸು ಬಂದಿತ್ತು. ಉನೈಸಿ ಕಟ್ಟೆಯ ಮೇಲೆ ಕೂತಳು. ಮೆರೆವಾಯಿ ಮಂಡಿಯೂರಿ ಅವಳ ಬಲಗಾಲ ಚಪ್ಪಲಿ ತೆಗೆದು, ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ರವಿಕೆಯಿಂದ ಪಿನ್ನು ಬಿಡಿಸಿದಳು. ಹಿಮ್ಮಡಿಯ ಪಕ್ಕ ಒಂದು ಬೊಬ್ಬೆ ಒಡೆದು ಒಣಗಿತ್ತು. ಅದು ಯಾವಾಗ ಎದ್ದದ್ದೋ ಉನೈಸಿಗೆ ತಿಳಿಯದು.

“ಆ ಕಡೆ ನೋಡು. ಚುಚ್ಚಿದಾಗ ಹೇಳು.”

ಉನೈಸಿ ನದಿಯ ಕಡೆ ನೋಡಿದಳು. ನೀರು ಕೆಂಪಾಗಿ ಏರುತ್ತಿತ್ತು. ಆಚೆ ದಂಡೆಯಲ್ಲಿ ಯಾರದೋ ಕುದುರೆ ನಿಂತಿತ್ತು. ಅವಳು ಕಾದಳು.

“ಚುಚ್ಚು ಅತ್ತಿಗೆ. ಯಾಕೆ ಹೆದರ್ತೀಯಾ?”

ತಿರುಗಿ ನೋಡಿದರೆ ಪಿನ್ನು ಉನೈಸಿಯ ಕಾಲ ಹೆಬ್ಬೆರಳಿನಲ್ಲಿ ನೆಟ್ಟಗೆ ನಿಂತಿತ್ತು. ಮೆರೆವಾಯಿ ಸೊಂಟಕ್ಕೆ ಸುತ್ತಿದ್ದ ಸುಲು ಬಟ್ಟೆಯ ತುದಿಯನ್ನು ಸೆರಗಿನಂತೆ ಬಾಯಿಗೆ ಒತ್ತಿಕೊಂಡಿದ್ದಳು.

ಆಮೇಲೆ ಮೆರೆವಾಯಿ ಪಿನ್ನು ಕಿತ್ತು, ಒರೆಸಿ, ರವಿಕೆಗೆ ಸಿಕ್ಕಿಸಿಕೊಂಡಳು. ಚಪ್ಪಲಿಯನ್ನು ತಾನೇ ತೊಡಿಸಿದಳು.

“ಏಳೇ ಕುಂಟಿ,” ಎಂದಳು. “ಎಂಟೂವರೆ ಬಸ್ಸಿಗೆ ಹೋಗೋಣ. ಮಗೂನ ಅವನ ಹತ್ರ ಬಿಡು, ನೋಡ್ಕೋತಾನೆ.”

ಉನೈಸಿ ಟಿಟಿಲಿಯಾಳ ಮುಖ ತೊಳೆಸಿ, ಒಂದು ಜೊತೆ ಒಣ ಬಟ್ಟೆ, ಎರಡು ಬಾಳೆಹಣ್ಣು ಚೀಲಕ್ಕೆ ಹಾಕಿ, ಅಣ್ಣನ ವೆರಾಂಡದ ಮೆಟ್ಟಿಲವರೆಗೆ ಕೈ ಹಿಡಿದು ಕರೆದೊಯ್ದಳು. ಅಲ್ಲಿಂದಾಚೆ ಮಗು ತಾನೇ ಓಡಿತು. ಇನೋಕೆ ತಿರುಗಲಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚಿ ಮಗುವನ್ನು ಹಿಡಿದುಕೊಂಡ, ಉಳಿದ ಕಾಲಿನ ತೊಡೆಯ ಮೇಲೆ ಕೂರಿಸಿಕೊಂಡ.

“ಪುಟ್ಟಿ,” ಎಂದ, ಮೆಟ್ಟಿಲವರೆಗೆ ಕೇಳುವಷ್ಟು ಗಟ್ಟಿಯಾಗಿ. “ಇವತ್ತೇ ಹೋಗ್ತಿದಾರಲ್ಲ, ಬೆರಳಲ್ಲೇ ಮುಗಿಯತ್ತೆ ಬಿಡು.”

ಟಿಟಿಲಿಯಾಗೆ ಏನೂ ಅರ್ಥವಾಗಲಿಲ್ಲ. ಅವಳು ಅವನ ಮೀಸೆ ಹಿಡಿದು ಎಳೆದಳು. ರಸ್ತೆಯ ಕಡೆಯಿಂದ ಮೆರೆವಾಯಿ ಬೇಗ ಬಾರೇ ಎಂದು ಕೂಗುತ್ತಿದ್ದಳು. ಉನೈಸಿ ಹೊರಟಳು. ಬಲಗಾಲು ಎಲ್ಲಿ ಬೀಳುತ್ತಿದೆ ಎಂದು ನೆಲ ನೋಡಿಕೊಂಡು ನಡೆದಳು.